ನಾಕು ತಾಲೂಕಿನ ಹಂಗಾಮಿ ಡ್ರಿಲ್ ಮಾಸ್ತರ

ಗಣಿತದ ಮಾಸ್ತರನ್ನ ನಗಸೂ ಮಾತು ಹೇಳ್ರಿ ಅಂತ ಕೇಳಿದರ ಪಾಪ, ಅವರು ತಲಿ ಕೆರಕೊಂಡು ಕುಂದರಬೇಕಾಗ್ತೈತಿ. ಡ್ರಿಲ್ ಮಾಸ್ತರಂದು ಹಂಗಲ್ಲ. ಅವ ಸೀಟಿ ಬಾಯಾಗ ಇಟಗೊಂಡು ಬೈಲಿಗೆ ಬಂದು ನಿಂತರ ಸಾಕು, ಏನರ ಒಂದು ಆಗೇ ಆಗ್ತೈತಿ. ನಾ ಹಾನಗಲ್ಲ, ಸವಣೂರ, ಹಿರೇಕೆರೂರ, ಶಿಗ್ಗಾಂವಿ ಅಂತ ನಾಕು ತಾಲೂಕಿನಾಗ ಸೀಟಿ ಊದೇನಿ. ನಾಕರಾಗೂ ಆತು.

ಅದು ಯುದ್ಧದ ಕಾಲ. ನಮ್ಮ ಕಡೆ ಸಾಲಿಗೊಳಗ ಡ್ರಿಲ್ ಅಂಬೋದು ಆಗಷ್ಟ ಕಾಲಿಟ್ಟಿತ್ತು. ಹುಡುಗರು ಹೊಲದಾಗ ಕುಣಿದಾಡೂದು ಸಾಲದಂತ ಸಾಲ್ಯಾಗ ಕುಣಿಸಾಕ ಬ್ಯಾರೆ ಒಬ್ಬ ಮಾಸ್ತರ ಯಾಕ ಬೇಕು ಅಂತ ಊರ ಹಿರಿಯರು ಕೇಳೋರು. ಹಿಂಗಾಗಿ ನನ್ನ ನೇಮಕ ಹೋದಲ್ಲೆಲ್ಲಾ ಹಂಗಾಮಿ. ತಪಾಸಣಿಗೆ ಬರೋ ಇನ್‌ಸ್ಪೆಕ್ಟರ್ ಸಾಹೇಬರು ನೋಡಿ ಛಲೋ ಐತಿ ಅಂದರ ಕಾಯಂ, ಇಲ್ಲಂದರ ಟ್ರಂಕು ಎತ್ತಿಕೊಂಡು ಮುಂದಿನ ಊರು. ಸಾಹೇಬರು ನಗೂ ಜಾತಿಯವರಲ್ಲ. ಕರೀ ಕೋಟು, ಬಿಗಿ ಮಾರಿ, ಕೈಯಾಗ ಒಂದು ಬೆತ್ತ. ಆದರೂ ನಾ ಒಬ್ಬಂಟಿಗ ಇರೂತನಕ ಅವರ ಹೆದರಿಕಿ ಏನೂ ಇರಲಿಲ್ಲ. ಹೆದರಿಕಿ ಶುರು ಆಗಿದ್ದು ಹೆಣ್ಣು ನೋಡಾಕ ಹೋದ ಮ್ಯಾಲ.

ಹೆಣ್ಣು ನೋಡಾಕ ಹೋದದ್ದು

ಹೆಣ್ಣು ಹಿರೇಬೆಂಡಿಗೇರಿದು. ಹೊಲ, ಮನಿ, ಎತ್ತು, ಎಮ್ಮಿ ಎಲ್ಲಾ ಇದ್ದ ರೈತರ ಮನಿ. ಪಡಸಾಲ್ಯಾಗ ಕಂಬಳಿ ಹಾಸಿ ಕುಂದರಿಸಿದರು. ಹುಡುಗಿ ಚುರಮುರಿ ಸೂಸಲದ ತಾಟು ತಂದಿಟ್ಟು, ಒಂದು ಸಲ ನನ್ನ ಕಡೆ ನೋಡಿ ಒಳಗ ಹೋದಳು. ನನಗ ಮನಸ್ಸಿಗೆ ಬಂದಳು. ಇದರಾಗ ಮುಚ್ಚುಮರಿ ಏನೈತಿ, ಆ ಸೂಸಲ ಖಾರಿತ್ತೋ ಸಪ್ಪಗಿತ್ತೋ ಇವತ್ತಿಗೂ ನೆನಪಿಲ್ಲ.

ಹೆಣ್ಣಿನ ಅಪ್ಪ ಏನು ಕೆಲಸ ಮಾಡ್ತೀರಿ ಅಂತ ಕೇಳಿದರು. ಸಾಲಿ ಮಾಸ್ತರ ಅಂದೆ. ಅವರಿಗೆ ಖುಷಿ ಆತು. ಏನು ಕಲಸ್ತೀರಿ ಅಂದರು. ಡ್ರಿಲ್ ಅಂದೆ. ಹಂಗಂದ್ರ ಏನು ಅಂದರು. ಮೈಗೆ ಕಸರತ್ತು ಕಲಸೂದು ಅಂತ ಬಾಯಿಲೆ ಹೇಳಿ ಬಿಟ್ಟಿದ್ದರ ಆಗಿತ್ತು. ನನಗ ಎಲ್ಲಿಂದ ಹುರುಪು ಬಂತೋ, ಎದ್ದು ನಿಂತು ಕೈ ಮ್ಯಾಲ ಮಾಡಿ, ಕೆಳಗ ಮಾಡಿ, ಜಿಗಿದು ಕಾಲು ಅಗಲಿಸಿ, ಮತ್ತ ಜಿಗಿದು ಕೂಡಿಸಿ ತೋರಿಸಿಬಿಟ್ಟೆ. ದನದ ಅಂಕಣದಾಗ ಕಟ್ಟಿದ್ದ ಎಮ್ಮಿ ಬೆದರಿ ಗೂಟ ಕಿತ್ತಿತು. ಬಾಗಲ ಸಂದಿಯಿಂದ ಕಿಸಕ್ ಅಂತ ನಗಿ ಕೇಳಿಸಿತು. ಅದು ಆ ಹುಡುಗಿದ ಅಂತ ತಿಳಿದು ಇನ್ನೊಂದು ಸಲ ಜಿಗಿದೆ.

ಅವರ ಅಪ್ಪ ನಗಲಿಲ್ಲ. ಎಮ್ಮಿ ಹಿಡದು ಕಟ್ಟಿ ಬಂದು, ನನ್ನ ಕುಂದರಿಸಿ, ಒಂದು ತಂಬಿಗಿ ನೀರು ಕೊಟ್ಟು, ಇದಕ್ಕ ಸರಕಾರ ಪಗಾರ ಕೊಡತೈತೇನು ಅಂತ ನಿಧಾನಕ ಕೇಳಿದರು. ಕೊಡತೈತಿ ಅಂದೆ. ಕಾಯಂ ಏನು ಅಂದರು. ಹಂಗಾಮಿ ಅಂದೆ. ಅವರು ಅಡಕಿ ಕತ್ತರಿಸಿಕೋತ ಅಂದರು.

“ಹಂಗಾರ ಕಾಯಂ ಆಗಿ ಬರ್ರಿ ಮಾಸ್ತರ, ಹುಡುಗಿ ಕೊಡ್ತೇನಿ. ಸರಕಾರಕ್ಕ ಇನ್ನೂ ನಿಮ್ಮ ಮ್ಯಾಲ ನಂಬಿಗಿ ಬಂದಿಲ್ಲ. ಸರಕಾರಕ್ಕಿಂತ ಮೊದಲ ನಾ ಹೆಂಗ ನಂಬಲಿ?”

ಊರ ಅಳಿಯ

ಆಗ ನಾ ಹಾನಗಲ್ಲದಾಗ ಇದ್ದೆ. ಅಲ್ಲಿ ಹುಡುಗರು ಅಂದರ ಹೆಸರಿಗಷ್ಟ ಹುಡುಗರು. ಮೀಸಿ ಬಂದವರು, ಮದುವಿ ಆದವರು, ಒಂದು ವರ್ಗದಾಗಂತೂ ಕಾಕಾ ಮತ್ತ ಅಣ್ಣನ ಮಗ ಒಂದ ಮಣಿ ಮ್ಯಾಲ ಕುಂದರತಿದ್ದರು. ಓಟದ ಪಂದ್ಯ ಇಟ್ಟರ ಅಣ್ಣನ ಮಗ ಕುದರಿ ಹಂಗ ಓಡಿ ಬಂದು, ಕಾಕಾನ ಹಿಂದ ಬಂದ ಕೂಡಲೆ ನಡಿಯಾಕ ಶುರು ಮಾಡಾಂವ. ಯಾಕಲೇ ಅಂದರ, ಹಿರ್ಯಾರನ್ನ ದಾಟಿ ಹೆಂಗ ಹೋಗೂದ್ರಿ ಅಂತಿದ್ದ. ಈ ಓಟ ನಮಗ ಆಗಿ ಬರೂದಿಲ್ಲ ಅಂತ ಅದನ್ನ ಬಿಟ್ಟು ಹುತುತು, ಅಂದರ ಕಬಡ್ಡಿ, ಹಿಡಿದೆ.

ತಪಾಸಣಿ ದಿನ ಸಾಹೇಬರ ಮುಂದ ಎರಡು ತಂಡ ಮಾಡಿ ಆಡಸಾಕ ಬಿಟ್ಟೆ. ಒಂದು ತಂಡದಾಗ ಗಾಳಿ ಬಂದರ ಹಾರಿ ಹೋಗೂವಂಥ ಒಬ್ಬ ಸಣಕಲ ಹುಡುಗ. ಅವ ಹುತುತುತು ಅಂತ ಗೆರಿ ದಾಟಿ ಒಳಗ ಹೋದ. ಎದುರಿನವರು ಸರಿದು ನಿಂತು ಹಾದಿ ಬಿಟ್ಟರು. ಅವ ಒಬ್ಬೊಬ್ಬರನ್ನ ಬೆನ್ನು ತಟ್ಟಿ ಮಾತಾಡಿಸಿದವರಂಗ ಮುಟ್ಟಿ, ಆರಾಮಾಗಿ ತಿರುಗಿ ಬಂದ. ಗರಡಿಮನಿಯೊಳಗ ಕಲ್ಲು ಎತ್ತೂ ಆಳು ಒಬ್ಬ ಆ ಕಡೆ ಇದ್ದ. ಅವನೂ ಕೈ ಕಟ್ಟಿಕೊಂಡು ನಿಂತ. ಹಿಂಗ ಆ ಸಣಕಲ ಹುಡುಗ ಹೋದಾಗೆಲ್ಲಾ ಎದುರಿನ ತಂಡ ಖಾಲಿ ಆತು.

ಸಾಹೇಬರು ಬೆತ್ತ ಆಡಿಸಿ ನನ್ನ ಕರೆದು, ಇದು ಮೊದಲ ಮಾತಾಡಿಕೊಂಡ ಆಟ ಏನು ಅಂತ ಕೇಳಿದರು. ನನಗ ಸಿಟ್ಟು ನೆತ್ತಿಗೇರಿತು. ಗರಡಿ ಹುಡುಗನ್ನ ಅವರ ಎದುರಿಗೇ ಕರೆದು, ಆ ಕಡ್ಡಿಯಂಥವನ ಕಾಲು ಹಿಡಿಯಾಕ ನಿನಗೇನಾಗಿತ್ತು ಅಂತ ಗದರಿಸಿದೆ. ಅವ ನಾಚಿಕೊಂಡು ನೆಲ ನೋಡಿದ.

“ಅವರು ಊರ ಅಳ್ಯಾ ರೀ ಮಾಸ್ತರ, ಗೌಡರ ಮಗಳನ್ನ ಕೊಟ್ಟೈತಿ. ಅಳಿಯನ ಕಾಲು ಹಿಡದು ತೊಳೀತಾರ್ರಿ, ಹಿಡದು ಕೆಡವತಾರೇನ್ರಿ?”

ಸಾಹೇಬರಿಗೆ ಈ ನ್ಯಾಯ ಒಪ್ಪಲಿಲ್ಲ, ಹುಡುಗರಿಗೆ ಆಟದ ನೇಮ ಕಲಸಾಕ ಬರದ ಮಾಸ್ತರ ಅಂತ ಅಂದು ಹೋದರು. ನನ್ನ ಕಾಯಂ ತಪ್ಪಿತು. ಸುದ್ದಿ ಮಾತ್ರ ಸುತ್ತೂಕಡೆ ಹಬ್ಬಿತು. ಬ್ಯಾರೆ ಊರಿನ ಹೆಡ್‌ಮಾಸ್ತರರೊಬ್ಬರು ನಮ್ಮ ಜೋಡಿ ಹುತುತು ಪಂದ್ಯ ಇಟ್ಟಿದ್ದರು. ಅವರು ಪಂದ್ಯ ಸ್ವಲ್ಪ ಮುಂದ ಹಾಕ್ರಿ ಅಂತ ಹೇಳಿ ಕಳಿಸಿದರು. ಅವರ ಹುಡುಗರಾಗ ಇಬ್ಬರಿಗೆ ಹಾನಗಲ್ಲದ ಹೆಣ್ಣು ನೋಡಾಕತ್ತಿದ್ದರಂತ.

ಎಣ್ಣಿ ಹಚ್ಚಿದ ಕಂಬ

ಸವಣೂರು ನವಾಬರ ಸಂಸ್ಥಾನ. ನಮ್ಮ ಸಾಹೇಬರ ಬೆತ್ತ ಅಲ್ಲಿ ನಡೀತಿರಲಿಲ್ಲ. ಅಲ್ಲಿ ಆದರೂ ಕಾಯಂ ಆದೇನು ಅಂತ ಯಲವಿಗಿ ಸ್ಟೇಶನ್ನಿನಾಗ ಇಳಿದು, ಟಾಂಗಾ ಹಿಡದು ಹೋದೆ. ಅಲ್ಲಿಯ ಹೆಡ್‌ಮಾಸ್ತರರು ಭಾಳ ಸಂಭಾವಿತರು. ಮಲ್ಲಕಂಬ ನೆಟ್ಟು ಹುಡುಗರನ್ನ ತಯಾರ ಮಾಡ್ರಿ, ನಿಮ್ಮನ್ನ ಕಾಯಂ ಮಾಡೂದು ನನಗ ಬಿಡ್ರಿ ಅಂದರು.

ಸಾಗವಾನಿ ಕಂಬ ಬಂತು. ಸಾಲಿ ಬೈಲಿಗೆ ಗ್ವಾಡಿ ಇರಲಿಲ್ಲ, ಸಂತಿ ಹಾದಿ ಮಗ್ಗಲಾಗೇ ನೆಟ್ಟೆವು. ಬಡಿಗೇರ ಮನಶ್ಯಾ ತನ್ನ ಪದ್ಧತಿ ಪ್ರಕಾರ ಕಂಬಕ್ಕ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆದ. ಮೈ ಉಜ್ಜಬಾರದು ಅಂತ ಮಲ್ಲಕಂಬಕ್ಕ ಔಡಲೆಣ್ಣಿ ತಿಕ್ಕೂದು ನಮ್ಮ ಪದ್ಧತಿ, ನಾ ಎಣ್ಣಿ ತಿಕ್ಕಿದೆ. ಕಂಬ ಮಿಣಮಿಣ ಮಿಂಚಾಕತ್ತಿತು.

ಮರುದಿನ ಬಂದು ನೋಡಿದರ ಬುಡಕ್ಕ ಕಣಗಲ ಹೂವು. ಅದರ ಮರುದಿನ ಊದಿನಕಡ್ಡಿ. ಸಂತಿ ದಿನ ಹಳ್ಳಿ ಮಂದಿ ಚಪ್ಪಲಿ ಕಳದಿಟ್ಟು ಸುತ್ತು ಹಾಕಿ ಹೋದರು. ನಾ ದಿನಾ ಮುಂಜಾನೆ ಎಣ್ಣಿ ಹಚ್ಚಿ ತಿಕ್ಕತಿದ್ದೆನಲ್ಲ, ಅದನ್ನ ನೋಡಿದವರು ಪೂಜಾರಿ ನೇಮಸ್ತ ಅದಾನ ಅಂತ ಮಾತಾಡಿಕೊಂಡರು. ಹುಡುಗರಿಗೆ ಹತ್ತರಿ ಅಂದರ ಒಬ್ಬನೂ ಕಾಲು ಇಡಲೊಲ್ಲ. ಇದು ದೇವರಲ್ಲೋ, ಕಟಗಿ ಐತಿ ಅಂತ ತಿಳಿಸಿ ಹೇಳಿ ಬಾಯಿ ಬತ್ತಿ, ಕಡೀಕ ನಾನ ಹತ್ತಿದೆ.

ತುದಿ ಮುಟ್ಟಿ, ಕಾಲು ಬಿಗಿದು, ತಲಿ ಕೆಳಗ ಮಾಡಿ ಜೋತು ಬಿದ್ದಿದ್ದೆ. ಅಷ್ಟರಾಗ ಒಬ್ಬ ಮುದುಕಿ ಬಂದಳು. ಪೂಜಾರಿ ಮೈಮ್ಯಾಲ ದೇವರು ಬಂದೈತಿ ಅಂತ ತಿಳಕೊಂಡಳು. ಸೆರಗು ಒಡ್ಡಿ, ನಿನ್ನಿಯಿಂದ ಎಮ್ಮಿ ಕಾಣವಲ್ದು, ಯಾವ ದಿಕ್ಕಿಗೆ ಹೋಗೈತಿ ಹೇಳಪಾ ಅಂತ ಕೇಳಿದಳು. ನನಗ ನೆತ್ತಿಗೆ ರಕ್ತ ಇಳಿದು ಮಾತು ಹೊಂಡವಲ್ದು. ಆ ಕಡೆ ಸರಿಯಬೇ, ಇಳೀತೇನಿ ಅಂತ ಕೈ ಮಾಡಿದೆ. ಅಕಿ ನಾ ಕೈ ಮಾಡಿದ ದಿಕ್ಕು ಹಿಡದು ಹ್ವಾದಳು. ಆ ಎಮ್ಮಿಯರ ಬ್ಯಾರೆ ಕಡೆ ಹೋಗಿರಬೇಕೋ ಬ್ಯಾಡೋ, ಅಲ್ಲೇ ಸಿಕ್ಕಿತು.

ಮುಂದಿನ ಸಂತಿಗೆ ಕಂಬದ ಸುತ್ತ ನಿಂದರಾಕ ಜಾಗ ಇರಲಿಲ್ಲ. ಬೈಲು ಹೋದ ಮ್ಯಾಲ ಡ್ರಿಲ್ ಮಾಸ್ತರನ್ನ ಇಟಗೊಂಡು ಏನು ಮಾಡೂದು ಅಂತ ಹೆಡ್‌ಮಾಸ್ತರರು ಕೈ ಚೆಲ್ಲಿದರು. ಹುಡುಗರು ದಿನಾ ಪ್ರದಕ್ಷಿಣಿ ಹಾಕತಾರ, ಅಷ್ಟು ವ್ಯಾಯಾಮ ಸಾಕು ಅಂತ ನನಗ ಸಮಾಧಾನ ಹೇಳಿದರು. ಸಂತಿಗೆ ಬಂದವರು ಸುದ್ದಿ ಹಿರೇಬೆಂಡಿಗೇರಿತನಕ ಮುಟ್ಟಿಸಿದ್ದರು. ಹೆಣ್ಣಿನ ಅಪ್ಪ ಅವರ ಕೈಯಾಗ ತಿರುಗಿ ಹೇಳಿ ಕಳಿಸಿದರು: ಮಾಸ್ತರ ನೌಕರಿ ಬಿಟ್ಟು ದೇವರು ಹೇಳಾಕತ್ತಾರಂತ, ಅದರಾಗಾದರೂ ಕಾಯಂ ಐತೇನು ಕೇಳಿ ಬರ್ರಿ.

ಸೋಮವಾರ

ಡ್ರಿಲ್ ಮಾಸ್ತರ ಅಂದರ ಸಾಲ್ಯಾಗ ಖಾಲಿ ಕುಂತ ಮನಶ್ಯಾ ಅಂತ ಎಲ್ಲಾರ ತಿಳುವಳಿಕಿ. ಗಂಟಿ ಹೊಡಿಯಾಕ ಅವನ, ಮಂಗ್ಯಾ ಓಡಸಾಕ ಅವನ, ಇತಿಹಾಸದ ಮಾಸ್ತರು ಮಗಳ ಊರಿಗೆ ಹೋದರ ಅವರ ವರ್ಗ ಕಾಯಾಕ ಅವನ. ವಾರದ ತಾಸು ಹಂಚೂ ಮುಂದ ಮಾತ್ರ ಯಾರಿಗೂ ಬ್ಯಾಡಾದ ತಾಸು ಅವನ ಪಾಲಿಗೆ. ಹಿರೇಕೆರೂರಾಗ ನನಗ ಸಿಕ್ಕಿದ್ದು ಸೋಮವಾರ ಸಂಜಿ. ಸಾಹೇಬರೂ ಸೋಮವಾರನ ಬಂದರು.

ಆಟದ ಸಾಮಾನು ಅಂತ ಸಾಲ್ಯಾಗ ಏನೂ ಇರಲಿಲ್ಲ. ಒಬ್ಬರ ಕೈಕಾಲು ಬಿದ್ದು ಬಾವಿ ಹಗ್ಗ ತಂದು ಹಗ್ಗ ಜಗ್ಗೂ ಪಂದ್ಯ ಇಟ್ಟೆ. ಈ ಕಡೆಯವರು ಹಗ್ಗ ಹಿಡಿದರು, ಆ ಕಡೆಯವರು ಹಿಡಿದರು, ಸೀಟಿ ನನ್ನ ಬಾಯಾಗಿತ್ತು. ಅಷ್ಟರಾಗ ಒಬ್ಬ ಹುಡುಗನ ಅಪ್ಪ ಕೆರಿಯೊಳಗ ಎತ್ತಿನ ಮೈ ತೊಳಕೊಂಡು ಅದ ಹಾದಿಲೆ ಬಂದ. ಎತ್ತು ಅಲ್ಲೇ ನಿಲ್ಲಿಸಿ, ಸೀದಾ ಬಂದು ಹಗ್ಗದ ನಡುವ ನಿಂತ.

“ಸೋಮವಾರ ಬಸವಣ್ಣನ ವಾರ ಅಂತ ನಾವು ಎತ್ತಿನ ಹೆಗಲಿಗೇ ನೊಗ ಹಚ್ಚೂದಿಲ್ರಿ. ನೀವು ನನ್ನ ಮಗನ ಕಡೆ ಹಗ್ಗ ಜಗ್ಗಸ್ತೀರಿ?”

ಇದು ಆಟ, ದುಡಿಮಿ ಅಲ್ಲ ಅಂತ ನಾ ಹೇಳಿ ನೋಡಿದೆ. ಹುಡುಗರ ಹಣಿ ಮ್ಯಾಲಿನ ಬೆವರು ತೋರಿಸಿ ಇದು ಮತ್ತೇನು ಅಂತ ಕೇಳಿದ. ಹುಡುಗರು ಒಬ್ಬೊಬ್ಬರ ಹಗ್ಗ ಬಿಟ್ಟು ಸರಿದರು. ಸಾಹೇಬರು ಕಿಸೆಯೊಳಗಿನ ಗಡಿಯಾರ ತಗದು ನೋಡಿದರು. ಆ ಪುಣ್ಯಾತ್ಮಗ ಅವರ ಮ್ಯಾಲೂ ಕನಿಕರ ಬಂತು. ಇವತ್ತ ಹುಡುಗರನ್ನ ಬಿಡ್ರಿ, ಮೈ ತೊಳಸಿ ಹೊಟ್ಟಿ ತುಂಬ ಮೇಯಿಸಿ ಕಳಸ್ತೇವಿ, ನಾಳೆ ಹೂಡಿ ನೋಡ್ರಿ ಹೆಂಗ ಜಗ್ತಾವಂತ ಅಂತ ಭರವಸಿ ಕೊಟ್ಟ.

ಸಾಹೇಬರು ನಾಳೆತನಕ ನಿಲ್ಲಲಿಲ್ಲ. ಆ ರೈತ ಮಾತ್ರ ಮಾತಿಗೆ ತಪ್ಪಲಿಲ್ಲ. ಮಂಗಳವಾರ ಹುಡುಗರು ಎಂಥಾ ಹೊಡತಾ ಜಗ್ಗಿದರಂದರ ಬಾವಿ ಹಗ್ಗ ನಡುವ ಪಟ್ಟನ ಹರಿದು ಎರಡೂ ಕಡೆಯವರು ಅಂಗಾತ ಬಿದ್ದರು. ಅಂಥಾ ಪಂದ್ಯ ಜಿಲ್ಲಾದಾಗ ಆಗಿದ್ದಿಲ್ಲ. ನೋಡಾಕ ನಾ ಇದ್ದೆ, ಮತ್ತ ಹಗ್ಗದ ಮಾಲಕ ಇದ್ದ.

ಹಲಗಿ

ಶಿಗ್ಗಾಂವಿಗೆ ಬರೂಹೊತ್ತಿಗೆ ನನ್ನ ಜೀವ ಅರ್ಧ ಆಗಿತ್ತು. ಹೆಣ್ಣಿನ ಊರು ಅಲ್ಲಿಂದ ಹತ್ತರ, ಹಿಂಗಾಗಿ ಸುದ್ದಿ ದಿನಾ ಮುಟ್ಟತಿತ್ತು. ದುಂಡಸಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗಗ ಸ್ವಂತ ಕಿರಾಣಿ ಅಂಗಡಿ. ಅಂಗಡಿ ಅಂದರ ಹುಟ್ಟಾ ಕಾಯಂ, ಅದಕ್ಕ ಯಾವ ಸಾಹೇಬರ ತಪಾಸಣಿ? ಹೆಣ್ಣಿನ ಅಪ್ಪ ನ್ಯಾಯಸ್ಥರು. ಕೊಟ್ಟ ಮಾತು ಐತಿ, ಈ ಒಂದು ತಪಾಸಣಿ ನೋಡ್ತೇನಿ, ಆ ದಿನ ನಾನ ಬರ್ತೇನಿ, ಅಲ್ಲೇ ಹೌದು ಅಲ್ಲ ಹೇಳ್ತೇನಿ ಅಂತ ತಿಳಿಸಿದ್ದರು. ಹುಡುಗಿ ಅಂಗಡಿಯವಗ ಒಲ್ಲೆ ಅಂತ ಹಟ ಹಿಡಿದಾಳ ಅಂತ ಯಾರೋ ಅಂದರು. ಅದನ್ನ ಕೇಳಿ ನನಗ ಖುಷಿಯೂ ಆತು, ಹೆದರಿಕಿಯೂ ಆತು. ನಾ ಸೋತರ ಅಕಿನೂ ಸೋಲತಾಳಲ್ಲ.

ಈ ಸಲ ಹುತುತು ಬ್ಯಾಡ, ಕಂಬ ಬ್ಯಾಡ, ಹಗ್ಗ ಬ್ಯಾಡ. ಬರೇ ಕವಾಯತು. ಎಡಗಾಲು, ಬಲಗಾಲು, ಕಡೀಕ ಸಾಹೇಬರಿಗೆ ಒಂದು ಸಲಾಮು. ಇದರಾಗ ಏನು ತಪ್ಪಾಕ ಸಾಧ್ಯ ಐತಿ ಅಂತ ಹಗಲೆಲ್ಲಾ ವಿಚಾರ ಮಾಡಿದೆ. ಏನೂ ಹೊಳೀಲಿಲ್ಲ. ಹುಡುಗರೂ ಛಲೋ ತಯಾರ ಆದರು. ಸೊಂಟ ನೆಟ್ಟಗ, ಕಣ್ಣು ಮುಂದ, ಎಡಗೈ ತೊಡಿಗೆ ಅಂಟಿ.

ತಪಾಸಣಿ ಮುಂಜಾನೆ ಸಾಲಿ ಢೋಲು ತಗದು ನೋಡಿದರ ಇಲಿ ಅದರ ತೊಗಲು ತಿಂದಿದ್ದವು. ಯುದ್ಧದ ದಿವಸದಾಗ ಹೊಸಾದು ಎಲ್ಲಿ ತರೂದು? ತಾಳ ಇಲ್ಲದ ಹುಡುಗರ ಕಾಲು ಕೂಡೂದಿಲ್ಲ. ಊರಾಗ ಹಲಗಿ ಬಾರಸೂದರಾಗ ಎತ್ತಿದ ಕೈ ಅನಿಸಿಕೊಂಡ ಹಿರಿಯರೊಬ್ಬರಿದ್ದರು. ಓಡಿ ಹೋಗಿ, ಯಜಮಾನರ, ನನ್ನ ಮಾನ ಉಳಸ್ರಿ ಅಂದೆ. ಅವರು ಹಿಂದ ಮುಂದ ನೋಡದ ಹಲಗಿ ತಗೊಂಡು ಬಂದರು. ನಿಧಾನಕ, ಎಡಾ ಬಲಾ ಅಂತ ಎರಡ ಪೆಟ್ಟು ಸಾಕು ಅಂತ ಹೇಳಿದೆ. ಅದೇನು ದೊಡ್ಡ ಮಾತು ಅಂದರು.

ಇಷ್ಟೆಲ್ಲಾ ಗಡಿಬಿಡ್ಯಾಗ ಒಂದು ಮಾತು ನನ್ನ ತಲಿಯಿಂದ ಜಾರಿತ್ತು. ಹೋಳಿ ಹುಣ್ಣಿವಿ ಇನ್ನೇನು ಬಂದಿತ್ತು. ನಮ್ಮ ಕಡೆ ಹೋಳಿ ಅಂದರ ಬೆಂಕಿ ಹಾಕೂದು, ಹಲಗಿ ಬಾರಸೂದು, ಹಲಗಿ ಕೇಳಿದ ಕೂಡಲೆ ಹುಡುಗರು ಬಾಯಿ ಮ್ಯಾಲ ಕೈ ಬಡಕೋತ ಲಬೋ ಲಬೋ ಅಂತ ಹೊಯ್ಕೊಳ್ಳೂದು. ಇದನ್ನ ಯಾರೂ ಕಲಸಬೇಕಾಗಿಲ್ಲ. ತೊಟ್ಟಿಲಾಗಿನ ಕೂಸೂ ಮಾಡತೈತಿ.

ಮುಂಜಾನೆ ಥಂಡಿಗೆ ಹಲಗಿ ತೊಗಲು ಸಡಲಿತ್ತು. ಕಾಯಿಸಲಿಕ್ಕಂತ ಯಜಮಾನರು ಬೈಲಿನ ಮೂಲ್ಯಾಗ ಒಂದು ಹಿಡಿ ಒಣಾ ಜ್ವಾಳದ ಕಣಕಿ ಹಚ್ಚಿದರು. ಬೆಂಕಿ ಧಗ್ಗನ ಎದ್ದಿತು. ಸಾಲಾಗಿ ನಿಂತಿದ್ದ ಹುಡುಗರ ಕಣ್ಣು ಆ ಕಡೆ ತಿರುಗಿದವು. ಕಣ್ಣು ಮುಂದ ಅಂತ ನಾ ಒದರಿದೆ. ತಿರುಗಿದವು ಖರೆ, ಮನಸ್ಸು ತಿರುಗಲಿಲ್ಲ.

ಸಾಹೇಬರು ಬೇವಿನಗಿಡದ ಬುಡಕ ಖುರ್ಚಿ ಮ್ಯಾಲ ಕುಂತರು. ಹಲಗಿ ಎರಡು ಪೆಟ್ಟಿನ ಲೆಕ್ಕದಾಗ ಶುರು ಆತು. ಹುಡುಗರ ಕಾಲು ಏನು ಕೂಡಿದವು ಅಂತೀರಿ, ಸಾಹೇಬರು ಸೈತ ತಲಿ ಅಲ್ಲಾಡಿಸಿದರು. ಕಡೀಕ ಸಾಲು ಅವರ ಮುಂದ ಬಂದು ನಿಂತಿತು, ನಾ ಸಲಾಮ್ ಅಂದೆ. ಎಲ್ಲಾ ಬಲಗೈ ಹಣಿಗೆ ಹ್ವಾದವು. ಇನ್ನು ಗೆದ್ದೆ ಅಂತ ನಾ ಉಸಿರು ಬಿಡೂದಕ್ಕ, ಕಾದ ಹಲಗಿ ಕೈಯಾಗಿದ್ದ ಯಜಮಾನರಿಗೆ ತಡಕೊಳ್ಳಾಕ ಆಗಲಿಲ್ಲ. ಪೆಟ್ಟು ಜೋರಾತು. ಹೋಳಿ ಪೆಟ್ಟು.

ಹಿಂದಿನ ಸಾಲಿನಾಗ ಒಬ್ಬಂದು ಕೈ ಹಣಿಯಿಂದ ಜಾರಿ ಬಾಯಿಗೆ ಬಂತು. ಲಬೋ. ಅವನ ಮಗ್ಗಲದಾಂವಂದು ಬಂತು. ಕಣ್ಣು ಮುಚ್ಚಿ ತೆರೆಯೂದರಾಗ ಇಡೀ ಸಾಲಿ ಲಬೋ ಲಬೋ ಲಬೋ. ನಾ ಕಲಿಸಿದ್ದನ್ನ ಒಂದೂ ಮರತಿರಲಿಲ್ಲ ನೋಡ್ರಿ. ಸೊಂಟ ನೆಟ್ಟಗ ಇತ್ತು, ಕಣ್ಣು ಮುಂದ ಇದ್ದವು, ಎಡಗೈ ತೊಡಿಗೆ ಅಂಟಿದ್ದವು. ಬಲಗೈ ಮಾತ್ರ ಬಾಯಿ ಬಡಿಯಾಕತ್ತಿದ್ದವು. ಹೆಡ್‌ಮಾಸ್ತರರು ಸುಮ್ಮನಾಗ್ರೋ ಅಂತ ಒದರಿದ್ದು ಅವರಿಗೇ ಕೇಳಿಸಲಿಲ್ಲ. ನಾ ಸೀಟಿ ಊದಿದೆ. ಅದು ಹಲಗಿ ಜೋಡಿ ಕೂಡಿ ಮತ್ತಿಷ್ಟು ರಂಗೇರಿತು. ಬೇಲಿ ಆಚಿ ನಿಂತ ಮಂದಿಯೂ ದನಿಗೂಡಿಸಿದರು. ಕಡೀಕ ಓಡಿ ಹೋಗಿ ಯಜಮಾನರ ಕೈ ಹಿಡಿದೆ. ಹಲಗಿ ನಿಂತಿತು. ನಿಂತ ಕೂಡಲೆ ಅಷ್ಟೂ ಕೈ ಒಂದ ಸಲ ಕೆಳಗಿಳಿದು ತೊಡಿಗೆ ಬಡಿದವು.

ಸಾಹೇಬರು ಎದ್ದರು. ನನಗ ಕಣ್ಣಾಗ ನೀರು ಬಂದವು, ಸುಳ್ಳು ಯಾಕ ಹೇಳ್ಲಿ. ದುಂಡಸಿ ಅಂಗಡಿ, ಅದರ ಗಲ್ಲಾ ಮುಂದ ಕುಂತ ಅಳಿಯ, ಎಲ್ಲಾ ಕಣ್ಣಿಗೆ ಕಟ್ಟಿತು. ಟ್ರಂಕು ಎತ್ತಿಕೊಂಡು ಹೋಗಾಕ ಐದನೇ ತಾಲೂಕು ಯಾವುದು ಅಂತನೂ ವಿಚಾರ ಮಾಡಿದೆ. ಸಾಹೇಬರು ಸಾಲಿನ ಈ ತುದಿಯಿಂದ ಆ ತುದಿತನಕ ಬೆತ್ತ ಹಿಡಕೊಂಡು ನಡದು ನೋಡಿದರು. ತಿರುಗಿ ಬಂದು ನನ್ನ ಮುಂದ ನಿಂತರು.

“ಮಾಸ್ತರ, ಎಷ್ಟೋ ಸಾಲಿ ನೋಡೇನಿ. ಇಷ್ಟು ಹುಡುಗರು ಒಂದ ತಾಳಕ್ಕ ಕೈ ಎತ್ತಿ, ಒಂದ ತಾಳಕ್ಕ ಇಳಿಸಿದ್ದನ್ನ ಇವತ್ತ ನೋಡಿದೆ. ನಿಮ್ಮನ್ನ ಕಾಯಂ ಮಾಡ್ತೇನಿ.”

ಸಾಹೇಬರೂ ಧಾರವಾಡ ಕಡೆ ಹುಟ್ಟಿ ಬೆಳದವರು ಅಂತ ಆಮ್ಯಾಲ ತಿಳೀತು. ಹಲಗಿ ಜೋರಾದಾಗ ಅವರ ಕೈಯೂ ಕುತ್ತಿಗಿತನಕ ಬಂದಿತ್ತು, ಅಲ್ಲಿಂದ ಕೋಟಿನ ಗುಂಡಿ ಹಾಕಿಕೊಂಡಂಗ ಮಾಡಿದರು ಅಂತ ಮಗ್ಗಲಾಗ ಕುಂತಿದ್ದ ಹೆಡ್‌ಮಾಸ್ತರರು ಹೇಳತಿದ್ದರು.

ಅಷ್ಟರಾಗ ಬೇಲಿ ಸಂದಿಲೆ ಹೆಣ್ಣಿನ ಅಪ್ಪ ದಡಾದಡಿ ಬಂದರು. ಹಿರೇಬೆಂಡಿಗೇರಿಯಿಂದ ಚಕ್ಕಡಿ ಹೂಡಿಕೊಂಡು ಬರೂಮುಂದ ದೂರಿಂದನ ಈ ಬೊಬ್ಬೆ ಕೇಳಿಸಿತ್ತು. ಹೋಳಿಗೆ ಇನ್ನೂ ದಿನ ಐತಿ, ಸಾಲ್ಯಾಗ ಏನೋ ಅನಾಹುತ ಆಗೈತಿ ಅಂತ ಗಾಬರಿ ಬಿದ್ದು, ಚಕ್ಕಡಿ ಅಲ್ಲೇ ಬಿಟ್ಟು ಓಡಿ ಬಂದಿದ್ದರು. ನನ್ನ ಕಣ್ಣೀರು ನೋಡಿದರು. ರುಮಾಲು ಕೈಯಾಗ ಹಿಡಕೊಂಡು ಸೀದಾ ಸಾಹೇಬರ ಮುಂದ ಹೋಗಿ ನಿಂತರು.

“ಸಾಹೇಬರ, ನಮ್ಮ ಮಾಸ್ತರ ನೌಕರಿ ಹೋತೇನ್ರಿ?”

“ಇಲ್ಲ, ಕಾಯಂ ಆದರು.”

ಅವರಿಗೆ ನಂಬಿಗಿ ಬರಲಿಲ್ಲ. ಒಂದು ಸಲ ನನ್ನ ನೋಡಿದರು, ಒಂದು ಸಲ ಸಾಲಾಗಿ ನಿಂತ ಹುಡುಗರನ್ನ ನೋಡಿದರು.

“ಮತ್ತ ಇಷ್ಟೂ ಹುಡುಗರು ಯಾಕ ಲಬೋ ಲಬೋ ಅಂತ ಬಾಯಿ ಬಡಕೊಂಡರ್ರಿ?”

ಸಾಹೇಬರು ಬೆತ್ತ ಬಗಲಾಗ ಇಟಗೊಂಡು ಹೊಂಟಿದ್ದವರು ತಿರುಗಿ ನಿಂತರು.

“ಕಾಯಂ ಆದರಲ್ರಿ, ಅದಕ್ಕ.”